ಹಲ್ಲುಜ್ಜುವ ಬ್ರಷ್ಷಿನ ಮಡಿ

ಎಂಜಲಿನ ವಿಷಯದಲ್ಲಿ ನಮ್ಮ ಜನರಿಗಿರುವಷ್ಟು ಎಚ್ಚರಿಕೆಯು ಬೇರೆ ಯಾರಿಗಾದರೂ ಇರುವುದೋ ಇಲ್ಲವೋ ನಾವು ಕಾಣೆವು. ಲೋಟವನ್ನು ತುಟಿಗೆ ತಾಕಿಸದೆ ಎತ್ತಿ ಕುಡಿಯುವುದನ್ನು ಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸುವೆವು. ಒಬ್ಬರು ಕಚ್ಚಿದ ಹಣ್ಣನ್ನು ಮತ್ತೊಬ್ಬರು ತಿನ್ನುವುದಿಲ್ಲ; ಉಣ್ಣುವ ಕೈಯಿಂದ ಬಡಿಸುವ ಸೌಟನ್ನು ಮುಟ್ಟಿದ ಮಗುವಿಗೆ ಅಜ್ಜಿಯ ಗದರಿಕೆ ತಪ್ಪದು. ಇಂತಹ ಮನೆಯಲ್ಲಿಯೇ ಬೆಳಗ್ಗೆ ಬಚ್ಚಲುಮನೆಯ ಬಾಗಿಲನ್ನು ತೆರೆದು ನೋಡಿದರೆ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ಹಳೆಯ ಲೋಟ. ಆ ಲೋಟದಲ್ಲಿ ತಾತನದು, ಅಜ್ಜಿಯದು, ತಂದೆತಾಯಿಗಳದು, ಇಬ್ಬರು ಮಕ್ಕಳದು, ಹೀಗೆ ಆರು ಬ್ರಷ್ಷುಗಳು ಒದ್ದೆಯ ತಲೆಗಳನ್ನು ಒಂದಕ್ಕೊಂದು ಒರಗಿಸಿಕೊಂಡು ನಿಂತಿರುವುವು. ಆರು ಬಾಯಿಗಳ ಎಂಜಲು ಅಲ್ಲಿ ಹಗಲಿರುಳೂ ಕೂಡಿಯೇ ಇರುವುದು. ಊಟದ ಮನೆಯಲ್ಲಿ ಅಷ್ಟು ಕಟ್ಟುನಿಟ್ಟಾದ ನಿಯಮವು ಬಚ್ಚಲುಮನೆಯ ಹೊಸ್ತಿಲಿನಲ್ಲಿ ಏಕೆ ನಿಂತುಹೋಯಿತು?

ನಮ್ಮ ಅಲಕ್ಷ್ಯವೊಂದೇ ಇದಕ್ಕೆ ಕಾರಣವಲ್ಲ. ಬ್ರಷ್ಷು ನಮ್ಮ ಮನೆಗಳಿಗೆ ತಡವಾಗಿ ಬಂದ ಅತಿಥಿ. ಅದಕ್ಕೆ ಮುಂಚೆ ಹಿರಿಯರು ಹಲ್ಲುಜ್ಜುತ್ತಿದ್ದುದು ಬೇವಿನ ಕಡ್ಡಿಯಿಂದ, ಹೊಂಗೆಯ ಕಡ್ಡಿಯಿಂದ, ಇಲ್ಲವೆ ಬೆರಳಿನ ತುದಿಯಲ್ಲಿ ಅದ್ದಿಕೊಂಡ ಇದ್ದಿಲಪುಡಿಯಿಂದ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ದಂತಕಾಷ್ಠವು ಹನ್ನೆರಡು ಅಂಗುಲ ಉದ್ದವೂ ಕಿರುಬೆರಳಿನಷ್ಟು ದಪ್ಪವೂ ಇರತಕ್ಕುದೆಂದು ವಿಧಿಸಿದೆ. ಕಹಿಯ ಜಾತಿಯಲ್ಲಿ ಬೇವನ್ನೂ ಖಾರದ ಜಾತಿಯಲ್ಲಿ ಹೊಂಗೆಯನ್ನೂ ಮೇಲೆಂದು ಎಣಿಸಿದೆ. ಆದರೆ ಕಡ್ಡಿಯನ್ನು ಉಪಯೋಗಿಸಿದ ಮೇಲೆ ಎಲ್ಲಿಡಬೇಕೆಂಬ ಪ್ರಶ್ನೆ ಯಾರಿಗೂ ಏಳಲಿಲ್ಲ. ತುದಿಯನ್ನು ಜಗಿದು ಉಜ್ಜಿ, ನಡುವೆ ಸೀಳಿ ನಾಲಗೆಯನ್ನು ಕೆರೆದು, ಹಿತ್ತಲಿಗೆ ಎಸೆದರೆ ಮುಗಿಯಿತು. ನಾಳೆಗೆ ನಾಳೆಯ ಕಡ್ಡಿ. ಇಡುವ ಪ್ರಸಂಗವೇ ಇಲ್ಲದಿದ್ದುದರಿಂದ ಇಡುವ ಮಡಿಯೂ ಹುಟ್ಟಲಿಲ್ಲ. ಬ್ರಷ್ಷಾದರೋ ತಿಂಗಳುಗಟ್ಟಲೆ ಮನೆಯಲ್ಲಿ ವಾಸಮಾಡತಕ್ಕ ವಸ್ತು. ದಿನಕ್ಕೆರಡು ಸಲ ಬಾಯನ್ನು ಹೊಕ್ಕು ಹೊರಬರುವುದು. ಅದನ್ನು ನಾವು ಸ್ವೀಕರಿಸಿದೆವೇ ಹೊರತು ಅದಕ್ಕೆ ತಕ್ಕ ಆಚಾರವನ್ನು ಏರ್ಪಡಿಸಿಕೊಳ್ಳಲಿಲ್ಲ. ಹಾಗೆಂದು ಮರಳಿ ಬೇವಿನ ಕಡ್ಡಿಗೆ ಹೋಗಬೇಕೆಂದು ನಾವು ವಾದಿಸುವವರಲ್ಲ. ನಾಲ್ಕನೆಯ ಅಂತಸ್ತಿನಲ್ಲಿ ವಾಸಮಾಡುವ ಗೃಹಸ್ಥನು ಬೆಳಗಾಗೆದ್ದು ಯಾರ ಬೇವಿನ ಮರವನ್ನು ಹತ್ತಬೇಕು?

ಮೊದಲಿನ ಬ್ರಷ್ಷುಗಳಿಗೆ ಹಾಕುತ್ತಿದ್ದುದು ಹಂದಿಯ ಬಿರುಗೂದಲು. ಅದು ನೀರನ್ನು ಹೀರಿಕೊಂಡು ಬಹಳ ಹೊತ್ತು ಒದ್ದೆಯಾಗಿಯೇ ಉಳಿಯುವುದು. ೧೯೩೮ರಲ್ಲಿ ಅಮೆರಿಕದಲ್ಲಿ ಡ್ಯೂಪಾಂಟ್ ಸಂಸ್ಥೆಯ ನೈಲಾನ್ ಎಳೆಗಳನ್ನು ಹಾಕಿದ ಬ್ರಷ್ಷು ಮಾರಾಟಕ್ಕೆ ಬಂದಮೇಲೆ ಕೂದಲಿನ ಕಾಲವು ಕ್ರಮಕ್ರಮವಾಗಿ ಮುಗಿಯಿತು. ನೈಲಾನಿನ ಗುಣವು ಗಟ್ಟಿಯಾಗಿರುವುದೊಂದೇ ಅಲ್ಲ. ಗಾಳಿ ಸಿಕ್ಕರೆ ಅದು ಬೇಗನೆ ಒಣಗುವುದು. ಈ ಒಣಗುವ ಗುಣದಲ್ಲಿಯೇ ಬ್ರಷ್ಷಿನ ಶುದ್ಧಿಯ ಮುಕ್ಕಾಲು ಪಾಲು ಅಡಗಿದೆ. ಗಾಳಿಯಾಡದ ಲೋಟದಲ್ಲಿ ಒತ್ತೊತ್ತಾಗಿ ತುರುಕಿ ನಾವು ಕಳೆದುಕೊಳ್ಳುವುದು ಆ ಗುಣವನ್ನೇ.

ಬಾಯಿಯಲ್ಲಿ ಸೂಕ್ಷ್ಮಜೀವಿಗಳಿರುವುದು ಇಂದು ನಿನ್ನೆ ತಿಳಿದ ಮಾತಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿಯಾದ ಲೀವೆನ್‌ಹುಕ್ ಎಂಬಾತನು ತನ್ನ ಹಲ್ಲಿನ ಸಂದಿಯ ಬಿಳಿಯ ಪಾಚಿಯನ್ನು ತಾನೇ ತಯಾರಿಸಿದ ಮಸೂರದ ಕೆಳಗೆ ಇಟ್ಟು ನೋಡಿ, ಅದರಲ್ಲಿ ಪುಟ್ಟ ಪುಟ್ಟ ಜೀವಿಗಳು ಚುರುಕಾಗಿ ಓಡಾಡುವುದನ್ನು ಕಂಡು, ೧೬೮೩ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದನು. ಆ ಪಾಚಿಯನ್ನು ತೆಗೆಯುವುದೇ ಬ್ರಷ್ಷಿನ ಕೆಲಸವಾದುದರಿಂದ ಅದರಲ್ಲಿರುವ ಜೀವಿಗಳು ಬ್ರಷ್ಷಿನ ಎಳೆಗಳಿಗೆ ಹತ್ತದೆ ಇರುವುವೆ? ಇದರಿಂದ ಆರೋಗ್ಯವಂತರು ಹೆದರಬೇಕಾದುದಿಲ್ಲ. ತನ್ನ ಬಾಯಿಯ ಜೀವಿಗಳು ತನ್ನ ಬ್ರಷ್ಷಿನಲ್ಲಿದ್ದು ಮರಳಿ ತನ್ನ ಬಾಯಿಗೇ ಬಂದರೆ ವಿಶೇಷ ಹಾನಿಯಿಲ್ಲ. ಅವು ಬೇರೊಬ್ಬರ ಬಾಯಿಗೆ ಹೋಗುವುದೂ, ಒದ್ದೆಯಲ್ಲಿ ಮನಬಂದಂತೆ ಹೆಚ್ಚುವುದೂ ಕೂಡದು, ವಿಷಯವಿರುವುದು ಇಷ್ಟೆ.

ಬಚ್ಚಲುಮನೆಯ ಮಾತನ್ನೂ ಇಲ್ಲಿ ಸ್ವಲ್ಪ ವಿಚಾರಿಸಬೇಕು. ಹಳೆಯ ಮನೆಗಳಲ್ಲಿ ಹಂಡೆ, ಒಲೆ, ಸೌದೆಗಳಿದ್ದ ಬಚ್ಚಲು ಒಂದು ಕಡೆ. ಶೌಚದ ಸ್ಥಳವು ಹಿತ್ತಲಿನ ಆಚೆಯ ಮೂಲೆಯಲ್ಲಿ. ಎರಡಕ್ಕೂ ನಡುವೆ ಕರಿಬೇವಿನ ಗಿಡವೋ ಬಾಳೆಯ ಗುಂಪೋ ಇರುತ್ತಿತ್ತು. ಈಗಿನ ಮನೆಗಳಲ್ಲಿ ಸ್ನಾನ, ಶೌಚ, ಮುಖ ತೊಳೆಯುವುದು ಎಲ್ಲವೂ ಆರಡಿ ಎಂಟಡಿಯ ಒಂದೇ ಕೋಣೆಯೊಳಗೆ. ಕಮೋಡಿನಲ್ಲಿ ನೀರನ್ನು ರಭಸದಿಂದ ಬಿಟ್ಟಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುವುವೆಂದು ಅಮೆರಿಕದ ಚಾರ್ಲ್ಸ್ ಗೆರ್ಬಾ ಮತ್ತು ಅವರ ಸಂಗಡಿಗರು ೧೯೭೫ರಲ್ಲಿಯೇ ಬರೆದರು. ೨೦೨೨ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಎಂಜಿನಿಯರರು ಹಸುರು ಲೇಸರ್ ಬೆಳಕಿನಲ್ಲಿ ಈ ಹನಿಗಳನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದರು. ಮುಚ್ಚಳವಿಲ್ಲದ ಸಾರ್ವಜನಿಕ ಬಗೆಯ ಕಮೋಡಿನಿಂದ ಅವು ಸೆಕೆಂಡಿಗೆ ೨ ಮೀಟರಿನವರೆಗಿನ ವೇಗದಲ್ಲಿ ಹಾರಿ, ೮ ಸೆಕೆಂಡುಗಳಲ್ಲಿ ೧.೫ ಮೀಟರು ಎತ್ತರಕ್ಕೆ ಏರಿದುವು. ಕನ್ನಡಿಯ ಕೆಳಗಿನ ಹಲಗೆಯೂ ಸುಮಾರು ಅಷ್ಟೇ ಎತ್ತರದಲ್ಲಿರುವುದೆಂಬುದನ್ನು ವಾಚಕರು ಗಮನಿಸಬಹುದು. ಮುಚ್ಚಳವನ್ನು ಹಾಕಿ ನೀರು ಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ನಂಬಿದವರಿಗೆ ೨೦೨೪ರಲ್ಲಿ ಪ್ರಕಟವಾದ ಗೆರ್ಬಾ ಅವರ ಮತ್ತೊಂದು ಪರೀಕ್ಷೆಯು ನಿರಾಶೆಯನ್ನು ಉಂಟುಮಾಡಿತು. ವೈರಸ್ಸುಗಳ ಮಟ್ಟಿಗೆ ಮುಚ್ಚಳದಿಂದ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಕಮೋಡನ್ನು ಕ್ರಿಮಿನಾಶಕ ಹಾಕಿ ಉಜ್ಜಿದಾಗ ಮಾತ್ರ ಅವು ಕಡಿಮೆಯಾದುವು.

ಇದನ್ನು ಓದಿ ಕೆಲವರು ಬ್ರಷ್ಷನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಯಾರು. ಅವರು ತಾಳ್ಮೆ ವಹಿಸಬೇಕು. ೨೦೨೧ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಜನರು ಉಪಯೋಗಿಸಿದ ಬ್ರಷ್ಷುಗಳನ್ನು ತರಿಸಿಕೊಂಡು, ಅವುಗಳಲ್ಲಿದ್ದ ಸೂಕ್ಷ್ಮಜೀವಿಗಳ ಕುಲಗೋತ್ರಗಳನ್ನು ಶೋಧಿಸಿದರು. ಅಲ್ಲಿ ಹೆಚ್ಚಾಗಿ ಕಂಡುಬಂದುವು ಬಾಯಿಯ ಜೀವಿಗಳೇ, ಶೌಚದ ಜೀವಿಗಳಲ್ಲ. ಆದಕಾರಣ ಬ್ರಷ್ಷನ್ನು ಕಮೋಡಿನಿಂದ ಎಷ್ಟು ದೂರವಿಡಲಾಗುವುದೋ ಅಷ್ಟು ದೂರವಿಟ್ಟು, ಮುಚ್ಚಳವಿದ್ದರೆ ಹಾಕಿ, ಕೋಣೆಯನ್ನು ಉಜ್ಜಿ ತೊಳೆದುಕೊಂಡಿದ್ದರೆ ಆ ಭಾಗದ ಕರ್ತವ್ಯ ಮುಗಿಯಿತು. ಪತ್ರಿಕೆಗಳು ಕಮೋಡಿನ ಭಯವನ್ನೇ ದೊಡ್ಡದು ಮಾಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಕಮೋಡಿಗಿಂತ ಪಕ್ಕದ ಬ್ರಷ್ಷಿನ ಮೇಲೆಯೇ ಹೆಚ್ಚು ಕಣ್ಣಿಡಬೇಕು. ಅದೇಕೆಂಬುದಕ್ಕೆ ನಮಗೆ ಪರಿಚಿತವಾದ ಒಂದು ಮನೆಯ ವೃತ್ತಾಂತವನ್ನು ಹೇಳುವೆವು.

ಮೈಸೂರಿನ ಆ ಮನೆಯಲ್ಲಿ ಗಂಡಹೆಂಡಿರು, ಇಬ್ಬರು ಮಕ್ಕಳು, ಯಜಮಾನರ ವೃದ್ಧ ತಾಯಿ, ಹೀಗೆ ಐದು ಜನ. ಯಜಮಾನರು ಕಚೇರಿಯ ಮಿತ್ರರೊಡನೆ ರಕ್ತದಾನ ಮಾಡಲು ಹೋದರು. ಕೆಲವು ದಿನಗಳಾದ ಮೇಲೆ ರಕ್ತನಿಧಿಯಿಂದ ಕರೆ ಬಂದಿತು. ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗದ ವೈರಸ್ಸು ಇದ್ದಿತು. ಮೈಯಲ್ಲಿ ಆಯಾಸವಿಲ್ಲ, ಕಣ್ಣು ಹಳದಿಯಾಗಿಲ್ಲ. ಅವರಿಗೆ ಅದುವರೆಗೆ ಏನೊಂದೂ ತಿಳಿದಿರಲಿಲ್ಲ. ಈ ರೋಗವು ಹೀಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲುದು. ವೃದ್ಧರಾದ ವೈದ್ಯರು ದಂಪತಿಗಳಿಬ್ಬರನ್ನೂ ಕೂರಿಸಿಕೊಂಡು, ಅವರಿಗೆ ಹೇಳತಕ್ಕ ಮಾತುಗಳನ್ನೆಲ್ಲ ಹೇಳಿ, ಕಡೆಯಲ್ಲಿ, “ತಾಯೀ, ನಿಮ್ಮ ಮನೆಯಲ್ಲಿ ಕ್ಷೌರದ ಬ್ಲೇಡು, ಉಗುರು ಕತ್ತರಿಸುವುದು, ಹಲ್ಲುಜ್ಜುವ ಬ್ರಷ್ಷು, ಇವು ಬೇರೆ ಬೇರೆ ಇವೆಯಷ್ಟೆ?” ಎಂದು ಕೇಳಿದರು. “ಬೇರೆಯೇ ಇವೆ, ಡಾಕ್ಟರೇ. ನಮ್ಮಲ್ಲಿ ಎಂಜಲು ಮುಸುರೆ ಬಹಳ ಕಟ್ಟುನಿಟ್ಟು,” ಎಂದು ಆಕೆಯು ಉತ್ತರ ಕೊಟ್ಟರು.

ಮನೆಗೆ ಬಂದು ನೋಡಿದರೆ ಲೋಟದಲ್ಲಿ ಗಂಡನದೂ ಹೆಂಡತಿಯದೂ ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಬಂದ ನೀಲಿಯ ಬ್ರಷ್ಷುಗಳು. ಎಡಗಡೆಯದು ತನ್ನದೆಂದು ಆಕೆಯ ನಂಬಿಕೆ. “ನನ್ನದು ಯಾವುದೆಂದು ನಾನು ನೋಡಿಯೇ ಇಲ್ಲ, ಕೈಗೆ ಸಿಕ್ಕಿದ ನೀಲಿಯದು ನನ್ನದು,” ಎಂದು ಯಜಮಾನರ ಒಪ್ಪಿಗೆ. ಅವರಿಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಒಸರುವುದು ಬೇರೆ ಇದ್ದಿತು. ಈ ವೈರಸ್ಸು ರಕ್ತದಲ್ಲಿರತಕ್ಕುದು. ಮೈಯಿಂದ ಹೊರಗೆ ಬಿದ್ದಮೇಲೆಯೂ ಏಳು ದಿನಗಳವರೆಗೆ ರೋಗವನ್ನು ಅಂಟಿಸುವ ಶಕ್ತಿಯು ಅದಕ್ಕೆ ಉಂಟು. ಎಳೆಗಳ ಬುಡದಲ್ಲಿ ನಿಂತ, ಕಣ್ಣಿಗೆ ಕಾಣದಷ್ಟು ರಕ್ತವೂ ಮತ್ತೊಬ್ಬರ ಒಸಡಿನ ಗಾಯಕ್ಕೆ ತಗಲಿದರೆ ಅಪಾಯವೇ ಸರಿ.

ಮಕ್ಕಳಿಗೆ ಶೈಶವದಲ್ಲಿಯೇ ಇದರ ಲಸಿಕೆ ಆಗಿದ್ದಿತು. ಗೃಹಿಣಿಯ ಮತ್ತು ಅತ್ತೆಯವರ ರಕ್ತವನ್ನು ಪರೀಕ್ಷೆಗೆ ಕೊಟ್ಟು ವರದಿಗಾಗಿ ಕಾದುಕೊಂಡಿದ್ದ ದಿನಗಳನ್ನು ನೆನೆದು ಆಕೆಯು ನಮ್ಮೊಡನೆ, “ಆ ಲೋಟದ ಕಡೆ ತಿರುಗಿ ನೋಡೋಕ್ಕೂ ನನಗೆ ಧೈರ್ಯ ಬರಲಿಲ್ಲ ಕಣ್ರೀ,” ಎಂದರು. ದೈವಾನುಗ್ರಹದಿಂದ ಇಬ್ಬರಿಗೂ ರೋಗ ತಗಲಿರಲಿಲ್ಲ. ವೈದ್ಯರು ಇಬ್ಬರಿಗೂ ಲಸಿಕೆಯನ್ನು ಆರಂಭಿಸಿದರು. ದೊಡ್ಡವರಿಗೆ ಸಾಮಾನ್ಯವಾಗಿ ಅದು ಮೂರು ಸಲ: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಈ ನಡುವೆ ಮುದುಕಮ್ಮನವರು ತಮಗೆ ತಿಳಿದಂತೆ ಮಡಿಯನ್ನು ಆರಂಭಿಸಿದ್ದರು. ಮಗನ ಊಟದ ತಟ್ಟೆ ಬೇರೆ, ಲೋಟ ಬೇರೆ, ಕೂರುವ ಮಣೆ ಬೇರೆ. ಯಜಮಾನರು ಮೂಲೆಯಲ್ಲಿ ಒಬ್ಬರೇ ಕುಳಿತು ತಲೆ ತಗ್ಗಿಸಿಕೊಂಡು ಊಟಮಾಡುತ್ತಿದ್ದರು. ಆದರೆ ಅವರ ಬ್ರಷ್ಷು ಮಾತ್ರ ಹಳೆಯ ಲೋಟದಲ್ಲಿ ಉಳಿದವರ ಬ್ರಷ್ಷುಗಳೊಡನೆ ಮೊದಲಿನಂತೆಯೇ ಇದ್ದಿತು. ಆಕೆಯ ಮನಸ್ಸಿಗೆ ಅದು ಎಂಜಲೆಂದು ತೋರಲೇ ಇಲ್ಲ! ಲಸಿಕೆಗೆ ಬಂದಾಗ ವೈದ್ಯರಿಗೆ ಈ ಸಂಗತಿ ತಿಳಿದು, “ಅಮ್ಮಾ, ಈ ರೋಗ ಜೊತೆಯಲ್ಲಿ ಕೂತು ಊಟಮಾಡಿದರೆ ಬರುವುದಿಲ್ಲ, ತಟ್ಟೆಯಿಂದ ಬರುವುದಿಲ್ಲ, ಮುಟ್ಟಿದರೆ ಕೆಮ್ಮಿದರೆ ಬರುವುದಿಲ್ಲ. ನೀವು ಬೇರೆ ಮಾಡಬೇಕಾದ್ದನ್ನು ಬಿಟ್ಟು ಬೇಡವಾದ್ದನ್ನು ಬೇರೆ ಮಾಡಿದ್ದೀರಿ,” ಎಂದು ನಯವಾಗಿಯೇ ಹೇಳಿದರು.

ಇನ್ನು ಬ್ರಷ್ಷನ್ನು ಇಡುವ ಕ್ರಮ ಹೇಗೆಂದರೆ, ಮೊಟ್ಟಮೊದಲು ಆ ಲೋಟವನ್ನು ಬಿಡಬೇಕು. ಅದರ ತಳವನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿದ ಗೃಹಿಣಿಗೆ ನಾವು ಹೆಚ್ಚು ಹೇಳಬೇಕಾದುದಿಲ್ಲ. ಬ್ರಷ್ಷುಗಳಿಂದ ಇಳಿದ ನೀರು, ಪೇಸ್ಟು, ಲೋಳೆ ಎಲ್ಲವೂ ಅಲ್ಲಿ ಕಂದುಬಣ್ಣದ ಬಗ್ಗಡವಾಗಿ ನಿಂತಿರುವುದು. ಅಮೆರಿಕದ ಎನ್.ಎಸ್.ಎಫ್. ಸಂಸ್ಥೆಯವರು ೨೦೧೧ರಲ್ಲಿ ೨೨ ಮನೆಗಳ ಸಾಮಾನುಗಳನ್ನು ಪರೀಕ್ಷಿಸಿದಾಗ ಕೊಳೆಯಲ್ಲಿ ಮೊದಲನೆಯ ಸ್ಥಾನವು ಪಾತ್ರೆ ತೊಳೆಯುವ ಸ್ಪಂಜಿಗೂ ಎರಡನೆಯದು ಅಡಿಗೆಮನೆಯ ಸಿಂಕಿಗೂ ಮೂರನೆಯದು ಬ್ರಷ್ಷನ್ನು ಇಡುವ ಪಾತ್ರೆಗೂ ದೊರೆಯಿತು. ಲೋಟಕ್ಕೆ ಬದಲಾಗಿ, ಬೇರೆ ಬೇರೆ ತೂತುಗಳುಳ್ಳ, ತಳ ತೆರೆದಿರುವ ಸ್ಟ್ಯಾಂಡನ್ನು ಗೋಡೆಗೆ ಹಾಕಿಸುವುದು ಮೇಲು. ಬ್ರಷ್ಷುಗಳು ತಲೆ ಮೇಲಾಗಿ ನೆಟ್ಟಗೆ ನಿಲ್ಲಬೇಕು. ಒಂದರ ತಲೆ ಮತ್ತೊಂದಕ್ಕೆ ತಾಕಬಾರದು. ಸ್ಟ್ಯಾಂಡನ್ನೂ ವಾರಕ್ಕೊಮ್ಮೆ ಸಾಬೂನಿನ ಬಿಸಿನೀರಿನಲ್ಲಿ ತೊಳೆಯತಕ್ಕುದು. ಹಿಡಿಗೆ ಒಬ್ಬೊಬ್ಬರದೊಂದು ಬಣ್ಣದ ದಾರವನ್ನು ಸುತ್ತಿದರೆ ಗುರುತು ತಪ್ಪದು. ಓದುಬಾರದ ಮಗುವೂ ತನ್ನ ಬಣ್ಣವನ್ನು ಬಲ್ಲುದು. ಒಂದೇ ಪೊಟ್ಟಣದ ಎರಡು ಒಂದೇ ಬಣ್ಣದ ಬ್ರಷ್ಷುಗಳು ಅಗ್ಗವಾಗಿ ಸಿಕ್ಕುವುವು, ನಿಜ. ಒಂದನ್ನು ಈಗ ತೆಗೆದು ಮತ್ತೊಂದನ್ನು ಮುಂದಿನ ಸರದಿಗೆ ಇಟ್ಟುಕೊಂಡರೆ ಲಾಭವೂ ಉಳಿಯುವುದು.

ಉಜ್ಜಿಯಾದ ಮೇಲೆ ಹರಿಯುವ ನೀರಿನ ಕೆಳಗೆ ಎಳೆಗಳನ್ನು ಹೆಬ್ಬೆರಳಿನಿಂದ ಸವರಿ, ಪೇಸ್ಟಾಗಲಿ ಆಹಾರದ ಕಣವಾಗಲಿ ಉಳಿಯದಂತೆ ತೊಳೆದು, ಎರಡು ಮೂರು ಸಲ ಜೋರಾಗಿ ಕೊಡವಬೇಕು. ಕೊಡವುವುದು ಸಣ್ಣ ಕೆಲಸವೆಂದು ತೋರುವುದು. ಎಳೆಗಳ ಬುಡದ ನೀರು ಹೊರಬೀಳುವುದು ಅದರಿಂದಲೇ. ಆಮೇಲೆ ಗಾಳಿಗೆ ಬಿಡಬೇಕು. ಪ್ಲಾಸ್ಟಿಕ್ಕಿನ ಟೋಪಿಯನ್ನು ಹಾಕಿ ಮುಚ್ಚುವುದು ಶುದ್ಧಿಯೆಂದು ಬಹು ಜನರ ಭ್ರಾಂತಿ. ಒದ್ದೆಯ ತಲೆಯ ಮೇಲೆ ಟೋಪಿ ಹಾಕಿದರೆ ಒಳಗೆ ಬೆಚ್ಚಗೆ ತೇವ ನಿಂತು ಸೂಕ್ಷ್ಮಜೀವಿಗಳಿಗೆ ಔತಣವಾಗುವುದು. ಟೋಪಿಯು ಪ್ರಯಾಣಕ್ಕೆ ಮಾತ್ರ. ಊರು ಸೇರಿದೊಡನೆ ತೆಗೆದಿಡಬೇಕು.

ಇಲ್ಲಿ ನಮ್ಮ ಸೀಮೆಯ ಗೃಹಿಣಿಯರು ಒಂದು ಆಕ್ಷೇಪವನ್ನು ಎತ್ತುವರು. “ಗಾಳಿಗೆ ಬಿಡಿ ಎನ್ನುತ್ತೀರಿ, ರಾತ್ರಿ ಜಿರಳೆಗಳು ಬಂದು ನೆಕ್ಕಿದರೆ?” ಆಕ್ಷೇಪವು ಯುಕ್ತವಾದುದೇ. ಪೇಸ್ಟಿನ ಸಿಹಿಗೆ ಜಿರಳೆ ಬರುವುದುಂಟು. ಇದಕ್ಕೆ ಉಪಾಯವು ಬ್ರಷ್ಷನ್ನು ಬಂಧಿಸುವುದಲ್ಲ, ಜಿರಳೆಯ ದಾರಿಯನ್ನು ಮುಚ್ಚುವುದು. ನೀರು ಹೋಗುವ ತೂಬಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಹಾಕಿ, ಪೇಸ್ಟನ್ನು ಪೂರ್ತಿಯಾಗಿ ತೊಳೆದು, ಸ್ಟ್ಯಾಂಡನ್ನು ನೆಲದಿಂದಲೂ ತೂಬಿನಿಂದಲೂ ದೂರವಾಗಿ ಕಿಟಕಿಯ ಬಳಿ ಹಾಕಬೇಕು. ಅಷ್ಟರಿಂದಲೂ ನಿಲ್ಲದಿದ್ದರೆ ಬ್ರಷ್ಷುಗಳನ್ನು ಬಚ್ಚಲುಮನೆಯಿಂದಲೇ ಹೊರಕ್ಕೆ ತಂದು, ಮಲಗುವ ಕೋಣೆಯಲ್ಲಿ ಗಾಳಿಯಾಡುವ ಕಡೆ ಇಡಬಹುದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢ ಶ್ರಾವಣಗಳಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ರಾತ್ರಿಯ ಬ್ರಷ್ಷು ಬೆಳಗ್ಗೆಗೆ ಒಣಗದು. ಅಂತಹವರು ಬೆಳಗ್ಗೆಗೊಂದು ರಾತ್ರಿಗೊಂದು, ಹೀಗೆ ಎರಡು ಬ್ರಷ್ಷುಗಳನ್ನು ಇಟ್ಟುಕೊಂಡರೆ ಪ್ರತಿಯೊಂದಕ್ಕೂ ಒಂದು ದಿನದ ಬಿಡುವು ಸಿಕ್ಕುವುದು.

ಕುದಿಯುವ ನೀರಿನಲ್ಲಿ ಹಾಕುವುದು ಬೇಡ. ಎಳೆಗಳು ಸೊಟ್ಟಗಾಗಿ ಬ್ರಷ್ಷು ಕೆಡುವುದು. ಕ್ರಿಮಿನಾಶಕ ದ್ರವದಲ್ಲಿ ನಿತ್ಯವೂ ನೆನೆಹಾಕುವ ಅವಶ್ಯಕತೆಯೂ ಇಲ್ಲ. ಮನೆಯವರೆಲ್ಲರ ಬ್ರಷ್ಷುಗಳನ್ನೂ ಒಂದೇ ಬಟ್ಟಲಿನ ದ್ರವದಲ್ಲಿ ಅದ್ದುವವರು ಒಬ್ಬರದನ್ನು ಮತ್ತೊಬ್ಬರಿಗೆ ಹಂಚುವರು, ಅಷ್ಟೆ. ನೇರಳಾತೀತ ಕಿರಣದ ಪೆಟ್ಟಿಗೆಗಳು ಅಂಗಡಿಗೆ ಬಂದಿವೆ. ಹಣವಿದ್ದವರು ಕೊಳ್ಳಲಿ, ಆರೋಗ್ಯವಂತರಿಗೆ ಅದರಿಂದಾಗುವ ವಿಶೇಷ ಲಾಭವನ್ನು ನಾವು ಕಾಣೆವು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಮಾತ್ರ ವೈದ್ಯರನ್ನು ಕೇಳಿ ಹೆಚ್ಚಿನ ಎಚ್ಚರಿಕೆಯನ್ನು ವಹಿಸತಕ್ಕುದು. ಪೇಸ್ಟಿನ ಕೊಳವೆಯ ಬಾಯನ್ನು ಎಲ್ಲರೂ ತಮ್ಮ ತಮ್ಮ ಎಳೆಗಳಿಗೆ ಒತ್ತುವ ಅಭ್ಯಾಸವೂ ಬಿಡಬೇಕಾದುದೇ. ಸ್ವಲ್ಪ ಮೇಲಿನಿಂದ ಹಿಂಡಬಹುದು. ನಾಲಗೆ ಕೆರೆಯುವ ತಗಡಿಗೂ ಇದೇ ನಿಯಮ.

ಬ್ರಷ್ಷಿನ ಆಯುಸ್ಸು ಮೂರು ನಾಲ್ಕು ತಿಂಗಳು. ಎಳೆಗಳು ಅದಕ್ಕೂ ಮೊದಲೇ ಕೆದರಿದರೆ ಆಗಲೇ ಬದಲಿಸಬೇಕು. ಕೆದರಿದ ಎಳೆಯು ಹಲ್ಲಿನ ಸಂದಿಯನ್ನು ಸೇರದು. ತಾರೀಖನ್ನು ನೆನಪಿಡುವುದು ಕಷ್ಟವೆನ್ನುವವರಿಗೆ ನಾವು ಹಬ್ಬಗಳ ಲೆಕ್ಕವನ್ನು ಹೇಳುವೆವು: ಸಂಕ್ರಾಂತಿಗೊಂದು, ಯುಗಾದಿಗೊಂದು, ನಾಗರಪಂಚಮಿಗೊಂದು, ದೀಪಾವಳಿಗೊಂದು. ಯುಗಾದಿಯಿಂದ ಪಂಚಮಿಗೆ ನಾಲ್ಕು ತಿಂಗಳು ದಾಟುವುದು. ನಡುವೆ ಅಧಿಕಮಾಸ ಬಿದ್ದ ವರ್ಷದಲ್ಲಂತೂ ಪಂಚಮಿಯವರೆಗೆ ಕಾಯದೆ ಒಂದು ತಿಂಗಳು ಮುಂಚಿತವಾಗಿಯೇ ಬದಲಿಸುವುದು ಲೇಸು.

ಹಳೆಯದನ್ನು ಎಸೆಯಲು ನಮ್ಮ ಗೃಹಿಣಿಯರಿಗೆ ಮನಸ್ಸು ಬಾರದು. ಬೆಳ್ಳಿಯ ದೀಪವನ್ನು ಬೆಳಗುವುದಕ್ಕೆ, ಬಾಚಣಿಗೆಯ ಕೊಳೆಯನ್ನು ತೆಗೆಯುವುದಕ್ಕೆ, ಗ್ಯಾಸಿನ ಒಲೆಯ ಮೂಲೆಗೆ, ನಲ್ಲಿಯ ಬುಡಕ್ಕೆ, ಹೀಗೆ ಅದಕ್ಕೆ ಎರಡನೆಯ ಜನ್ಮವೂ ಮೂರನೆಯ ಜನ್ಮವೂ ಉಂಟು. ಈ ಮಿತವ್ಯಯವನ್ನು ನಾವು ಹಳಿಯುವುದಿಲ್ಲ. ಆದರೆ ನಲ್ಲಿ ಉಜ್ಜಿದ ಬ್ರಷ್ಷು ಮರಳಿ ಹಲ್ಲಿನ ಬ್ರಷ್ಷುಗಳ ಪಕ್ಕಕ್ಕೇ ಬಂದು ನಿಂತುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ. ಅತಿಥಿಯಾಗಿ ಹೋದವರು ಏನೆಂದು ಹೇಳುವುದು? ಹಳೆಯದಾದೊಡನೆ ಅದರ ಹಿಡಿಯ ತುದಿಯನ್ನು ಮುರಿದುಬಿಟ್ಟರೆ ಗುರುತು ಶಾಶ್ವತವಾಗಿ ಉಳಿಯುವುದು. ನೆಂಟರು ಬ್ರಷ್ಷು ಮರೆತು ಬಂದರೆ ಕೊಡಲು ಮನೆಯಲ್ಲಿ ಒಂದೆರಡು ಹೊಸವು ಇರಲಿ. “ನನ್ನದರಲ್ಲೇ ಉಜ್ಜಿಕೊಳ್ಳಪ್ಪ, ಬಿಸಿನೀರಿನಲ್ಲಿ ತೊಳೆದಿದ್ದೇನೆ” ಎಂಬ ವಾತ್ಸಲ್ಯವು ಬೇಡ.

ಮೈಸೂರಿನ ಆ ಮನೆಗೆ ನಾವು ಮತ್ತೆ ಹೋದಾಗ ಲೋಟವು ತುಳಸಿಕಟ್ಟೆಯ ಬಳಿ ಗಿಡಕ್ಕೆ ನೀರು ಹಾಕುವ ಕೆಲಸಕ್ಕೆ ಸೇರಿದ್ದಿತು. ಬಚ್ಚಲುಮನೆಯ ಕಿಟಕಿಯ ಪಕ್ಕದಲ್ಲಿ ಐದು ತೂತುಗಳ ಸ್ಟ್ಯಾಂಡು. ಐದು ಬ್ರಷ್ಷುಗಳಿಗೂ ಐದು ಬಣ್ಣದ ದಾರ. ದಾರಗಳನ್ನು ಸುತ್ತಿದವರು ಮುದುಕಮ್ಮನವರೇ. ತಮ್ಮದಕ್ಕೆ ಕೆಂಪು ಪಟ್ಟೆಯ ದಾರವನ್ನು ಸುತ್ತಿಕೊಂಡು, ಮೊಮ್ಮಗನು ತಪ್ಪಿ ಅದನ್ನು ಮುಟ್ಟಿದರೆ ಕೂಗಾಡುವರಂತೆ. ಯಜಮಾನರು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಪರೀಕ್ಷೆಗೆ ಹೋಗಿ ಬರುತ್ತಿದ್ದಾರೆ. ಅಂದು ನಮಗೂ ಅಲ್ಲಿಯೇ ಊಟವಾಯಿತು. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಯಜಮಾನರ ತಟ್ಟೆಯು ತಾಯಿಯ ತಟ್ಟೆಯ ಪಕ್ಕದಲ್ಲಿಯೇ ಇದ್ದಿತು.